ಸಿದ್ಧಾಂತದ ಅಧ್ಯಾಯವನ್ನೂ ಕ್ಷೇತ್ರಕಾರ್ಯವನ್ನೂ ಬೆಸೆಯುವುದು ಹೇಗೆ?

ಪ್ರಶ್ನೆ (ಪಿಎಚ್.ಡಿ. ವಿದ್ಯಾರ್ಥಿನಿ, ಬೆಂಗಳೂರು):
2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ನಗರಕ್ಕೆ ಸೇರಿದ 110 ಹಳ್ಳಿಗಳ ಪೈಕಿ ಒಂದರಲ್ಲಿ, ಹಿಂದೆ ರಾಗಿ ಬೆಳೆಯುತ್ತಿದ್ದು ಈಗ ಪಿ.ಜಿ. (ಪೇಯಿಂಗ್ ಗೆಸ್ಟ್) ಕಟ್ಟಡಗಳ ಬಾಡಿಗೆಯಿಂದ ಬದುಕುವ ಕುಟುಂಬಗಳನ್ನು ಕುರಿತು ಸಮಾಜಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ‘ಪ್ರಬಲ ಜಾತಿ’ (ಒಂದು ಊರಿನಲ್ಲಿ ಉಳಿದ ಜಾತಿಗಳ ಮೇಲೆ ಹಿಡಿತವಿರುವ ಜಾತಿ) ಪರಿಕಲ್ಪನೆ ನನ್ನ ಚೌಕಟ್ಟು. ಎರಡನೆಯ ಅಧ್ಯಾಯದಲ್ಲಿ ಅದರ ವಿವರಣೆಯಿದೆ, ಐದನೆಯದರಲ್ಲಿ ಕೋಷ್ಟಕಗಳೂ ಸಂದರ್ಶನಗಳೂ ಇವೆ. ಇವೆರಡನ್ನೂ ಬೇರೆ ಬೇರೆಯವರು ಬರೆದಂತಿದೆ ಎಂದು ಮಾರ್ಗದರ್ಶಕರು ಹಿಂದಿರುಗಿಸಿದ್ದಾರೆ. ಬೆಸೆಯುವುದೆಂದರೆ ಕಾರ್ಯತಃ ಏನು ಮಾಡಬೇಕು?

ಉತ್ತರ 1:
ಮೊದಲು ಪರಿಕಲ್ಪನೆಯನ್ನು ಬಿಡಿಸಿ ನೋಡಿ. ಶ್ರೀನಿವಾಸ್ ಅದನ್ನು ಗ್ರಂಥಾಲಯದಲ್ಲಿ ಕಟ್ಟಲಿಲ್ಲ. ಮೈಸೂರು ಸೀಮೆಯಲ್ಲಿ ತಾವು ರಾಂಪುರವೆಂದು ಕರೆದ ಹಳ್ಳಿಯಲ್ಲಿ 1948ರಲ್ಲಿ ನಡೆಸಿದ ಕ್ಷೇತ್ರಕಾರ್ಯ ಅದರ ಹಿಂದಿದೆ. ಜನಸಂಖ್ಯಾಬಲ, ಆರ್ಥಿಕ ಮತ್ತು ರಾಜಕೀಯ ಶಕ್ತಿ, ಜಾತಿ ಶ್ರೇಣಿಯಲ್ಲಿ ತೀರಾ ಕೆಳಗಿಲ್ಲದ ಸ್ಥಾನ, ಇವುಗಳ ಜೊತೆಗೆ 1959ರ ಲೇಖನದಲ್ಲಿ ಆಧುನಿಕ ಶಿಕ್ಷಣ ಮತ್ತು ಉದ್ಯೋಗಗಳನ್ನೂ ಅವರು ಸೇರಿಸಿದರು. ಇವು ಪ್ರಾಬಲ್ಯದ ಮೂಲಗಳು. ಪ್ರಾಬಲ್ಯವನ್ನು ಮಾತ್ರ ನೀವು ಬೇರೆಯಾಗಿಯೇ ಗುರುತಿಸಬೇಕು: ಚರಂಡಿಯ ಜಗಳ ಯಾರ ಜಗಲಿಗೆ ಬರುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ಮೊದಲು ಯಾವ ಬೀದಿಗೆ ಹೋಗಬೇಕೆಂದು ಯಾರು ಹೇಳುತ್ತಾರೆ ಎಂಬುದನ್ನು ದಾಖಲಿಸಿ. ಪಹಣಿ ಮತ್ತು ಖಾತೆಯಲ್ಲಿ ಹೆಸರಿರುವವರನ್ನೇ ಪ್ರಬಲರೆಂದು ಎಣಿಸಿ, ಅವರ ಪ್ರಾಬಲ್ಯಕ್ಕೆ ಆಸ್ತಿಯೇ ಕಾರಣವೆಂದರೆ ನೀವು ಸುತ್ತಿ ಸುತ್ತಿ ಹೊರಟಲ್ಲಿಗೇ ಬರುತ್ತೀರಿ. ನಾನು ಓದಿದ ಎಷ್ಟೋ ಪ್ರಬಂಧಗಳು ಇಲ್ಲಿಯೇ ಎಡವುತ್ತವೆ.

ಇನ್ನು ಜನಸಂಖ್ಯೆ. ನಿಮ್ಮ ಹಳ್ಳಿಯಲ್ಲಿ ಈಗ ಬಾಡಿಗೆದಾರರೇ ಹೆಚ್ಚಿದ್ದರೆ, ಸಂಖ್ಯಾಬಲ ಕುಗ್ಗಿದ ಹಳೆಯ ಮನೆತನಗಳ ಹಿಡಿತವೂ ಸಡಿಲವಾಗಬೇಕಿತ್ತು. ಆಗಿಲ್ಲವೆಂದರೆ, ಎಣಿಸಬೇಕಾದದ್ದು ನಿವಾಸಿಗಳನ್ನೋ ಸ್ಥಳೀಯ ಮತದಾರರನ್ನೋ ಎಂಬ ಪ್ರಶ್ನೆಯನ್ನು ನೀವು ಸಿದ್ಧಾಂತಕ್ಕೇ ಕೇಳಬಹುದು.

ಉತ್ತರ 2:
ಮೇಲಿನ ಮಾತು ಸರಿ, ಆದರೆ ಒಬ್ಬರೇ ಚಿಂತಕರನ್ನು ಇಟ್ಟುಕೊಂಡರೆ ಪರೀಕ್ಷೆಯಾಗುವುದಿಲ್ಲ. ಸಂಖ್ಯೆಗಿಂತ ಭೂಮಿಯ ಮೇಲಿನ ಹಿಡಿತವೇ ಮುಖ್ಯವೆಂದು ಫ್ರೆಂಚ್ ಮಾನವಶಾಸ್ತ್ರಜ್ಞ ಲೂಯಿ ಡ್ಯೂಮೊ ವಾದಿಸಿದ್ದರು. ಜಮೀನನ್ನು ಬೇಗ ಮಾರಿದ ಕುಟುಂಬಗಳನ್ನೂ ಉಳಿಸಿಕೊಂಡು ಕಟ್ಟಡ ಕಟ್ಟಿದವರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಇಬ್ಬರ ವಾದಗಳೂ ಬೇರೆ ಬೇರೆ ಫಲಿತಾಂಶವನ್ನು ಸೂಚಿಸುತ್ತವೆ: ಡ್ಯೂಮೊ ಪ್ರಕಾರ ಜಮೀನು ಮಾರಿದವರ ಹಿಡಿತ ಸಡಿಲವಾಗಬೇಕು, ಶ್ರೀನಿವಾಸ್ ಪ್ರಕಾರ ಅದು ಬೇರೆ ಮೂಲಗಳಿಂದ ಉಳಿಯಬಹುದು. ಸಮೀಕ್ಷೆಯನ್ನು ಇನ್ನಷ್ಟು ಹಿಗ್ಗಿಸುವ ಅಗತ್ಯವಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಒಂದು ತೊಡಕಿದೆ. ಎಲ್ಲ ಜಮೀನು ಮಾರಿದ ಒಂದು ಮನೆಗೇ ಊರಹಬ್ಬದಲ್ಲಿ ಇಂದಿಗೂ ಮೊದಲ ಮರ್ಯಾದೆ ಸಲ್ಲುತ್ತದೆ. ಅದೇ ಜಾತಿಯ, ಬಾಡಿಗೆಯಿಂದ ಸಿರಿವಂತವಾದ ಇನ್ನೊಂದು ಮನೆಗೆ ಅದಿಲ್ಲ. ಇದನ್ನು ಎಲ್ಲಿ ಸೇರಿಸಲಿ?

ಉತ್ತರ 1:
ಪ್ರಾಬಲ್ಯ ಇಡೀ ಜಾತಿಯದೋ, ಅದರೊಳಗಿನ ಕೆಲವು ವ್ಯಕ್ತಿಗಳ ಮತ್ತು ಬಣಗಳದೋ ಎಂದು ಸಮಾಜಶಾಸ್ತ್ರಜ್ಞ ಎಸ್.ಸಿ. ದುಬೆ ಎತ್ತಿದ್ದ ಆಕ್ಷೇಪ ಇದೇ ಜಾಗಕ್ಕೆ ತಾಗುತ್ತದೆ. ಆ ಎರಡು ಮನೆಗಳ ವಿವರದಿಂದಲೇ ಐದನೆಯ ಅಧ್ಯಾಯವನ್ನು ಆರಂಭಿಸಿ; ಅದಕ್ಕೆ ಬೇಕಾದಷ್ಟು ಸಿದ್ಧಾಂತವನ್ನು ಮಾತ್ರ ಎರಡನೆಯ ಅಧ್ಯಾಯದಲ್ಲಿ ಉಳಿಸಿಕೊಳ್ಳಿ.