ನಾಳೆ ಹನ್ನೊಂದಕ್ಕೆ ಸಭೆ, ಯಾರ್ಯಾರು ಬರ್ತೀರಿ?

ಕೊನೆಮನೆ ಅಕ್ಕ, ಬೆಳಿಗ್ಗೆ 5:12
ಯಾರೂ ಎದ್ದಿಲ್ಲ ಅಂತ ಗೊತ್ತು. ನಾನು ಮಲಗಿಯೇ ಇಲ್ಲ. ರಾತ್ರಿ ಎರಡೂವರೆಗೆ ಬಚ್ಚಲಿನಲ್ಲಿ ಗುಳುಗುಳು ಸದ್ದು. ಇಲಿ ಇರಬೇಕು ಅಂತ ಲೈಟ್ ಹಾಕಿದರೆ, ಜಾಲರಿ ಎತ್ತಿಕೊಂಡು ಕಪ್ಪು ನೀರು ಮೇಲೆ ಬರ್ತಾ ಇದೆ. ಹತ್ತು ನಿಮಿಷಕ್ಕೆ ಅಡುಗೆಮನೆಗೂ ಬಂತು. ಅತ್ತೆಯನ್ನು ಮಂಚದ ಮೇಲೆ ಕೂರಿಸಿ, ಅಕ್ಕಿ ಡಬ್ಬ ಕಟ್ಟೆ ಮೇಲಿಟ್ಟು, ಇಷ್ಟು ಹೊತ್ತು ಬಕೆಟ್ಟಿನಲ್ಲಿ ಎತ್ತಿ ಎತ್ತಿ ಹೊರಗೆ ಚೆಲ್ಲಿದ್ದೇನೆ. ದೇವರ ಮುಂದಿನ ರಂಗೋಲಿ ಮೇಲೆ ಯಾರದೋ ಮನೆಯ ಕೊತ್ತಂಬರಿ ಕಡ್ಡಿ ತೇಲ್ತಾ ಇದೆ.
ನಾಳೆ ಸಭೆಯಂತೆ. ನಮ್ಮ ಶಿವಮೊಗ್ಗದ ಹೊಳೆದಂಡೆ, ಗಾಂಧಿ ಬಜಾರ್, ಕೋಟೆ ರಸ್ತೆ ಎಲ್ಲ ಚಂದ ಮಾಡುತ್ತಾರಂತೆ. ನಮ್ಮ ಅಭಿಪ್ರಾಯ ಬೇಕಂತೆ. ಅಭಿಪ್ರಾಯ ಇದೆ. ಬಕೆಟ್ಟಿನಲ್ಲಿ ತುಂಬಿಸಿ ಇಟ್ಟಿದ್ದೇನೆ. ತಂದು ಕೊಡಲಾ?

ಮಹಡಿ ಮನೆ ಬಾಡಿಗೆಯವರು, 5:31
ಅಯ್ಯೋ ಅಕ್ಕ, ಒಂದು ಫೋನ್ ಮಾಡಬಾರದಿತ್ತಾ? ಬರ್ತೀನಿ ಈಗಲೇ.

ಹಾಲಿನಣ್ಣ, 5:40
ತುಂಗಾ ಹೊಳೆಯೊಳಗಿನ ಮಂಟಪ ಮುಳುಗಿದೆ. ಈಗಷ್ಟೇ ಕೋರ್ಪಲಯ್ಯನ ಛತ್ರದ ಹತ್ತಿರ ನೋಡಿ ಬಂದೆ. ಜನ ಆಗಲೇ ಸೇರಿದ್ದಾರೆ, ಮೊಬೈಲ್ ಹಿಡ್ಕೊಂಡು. ಫ್ಲಾಸ್ಕಿನಲ್ಲಿ ಟೀ ಮಾರುವವನೂ ಬಂದಿದ್ದಾನೆ.

ಮೂಲೆಮನೆ ಮೇಷ್ಟ್ರು, 5:52
ಗಂಗಾ ಸ್ನಾನ, ತುಂಗಾ ಪಾನ ಅಂತಾರೆ. ನಿಮಗೆ ಎರಡೂ ಮನೆಯಲ್ಲೇ ಆಯ್ತಲ್ಲಮ್ಮ 😀

ಕೊನೆಮನೆ ಅಕ್ಕ, 5:53
ಬನ್ನಿ ಮೇಷ್ಟ್ರೇ, ನಿಮಗೂ ಒಂದು ಲೋಟ ತೆಗೆದಿಟ್ಟಿದ್ದೇನೆ.

ಮಾಜಿ ಅಧ್ಯಕ್ಷರು, 6:03
ಎಲ್ಲರಿಗೂ ನಮಸ್ಕಾರ. ನಾನು ಇದನ್ನು 2019ರ ಆಗಸ್ಟ್‌ನಲ್ಲೇ ಹೇಳಿದ್ದೆ. ಆವತ್ತು ಕುಂಬಾರಗುಂಡಿ, ಇಮಾಂಬಾಡಾ ಕಡೆ ನೀರು ನುಗ್ಗಿದಾಗ ನಮ್ಮ ಬೀದಿಗೆ ಮೊದಲು ಬಂದವನು ನಾನು. ಯಾರು ಬಂದಿದ್ದಿರಿ ಹೇಳಿ? ಅರ್ಜಿ ಬರೆದವನು ನಾನು. ಫೋಟೋ ತೆಗೆಸಿದವನು ನಾನು. ಆಮೇಲೆ ನನ್ನನ್ನು ಕೆಳಗಿಳಿಸಿದಿರಿ. ಆ ವಿಷಯ ಈಗ ಬೇಡ. ಆದರೆ ಚರಂಡಿ ಕಟ್ಟಿರುವುದು ಯಾಕೆ ಅಂತ ಎಲ್ಲರಿಗೂ ಗೊತ್ತು. ಖಾನಾವಳಿಯ ಬಾಳೆ ಎಲೆ ಎಲ್ಲಿಗೆ ಹೋಗುತ್ತದೆ?

ಮಾಜಿ ಅಧ್ಯಕ್ಷರು, 6:05
ಕೆಲವರಿಗೆ ನಾನು ನೇರ ಮಾತಾಡಿದರೆ ಆಗುವುದಿಲ್ಲ.

ನೀರಾವರಿ ರಿಟೈರ್ಡ್ ಸಾರ್, 6:20
ಎಲೆ, ಹೂಳು ಎಲ್ಲ ಇರಬಹುದು. ಆದರೆ ನಿನ್ನೆ ಆದದ್ದಕ್ಕೆ ಕಾರಣ ಬೇರೆ. ನಮ್ಮ ಮೋರಿ ಹೊಳೆಗೆ ಬೀಳುವ ಬಾಯಿ ತಗ್ಗಿನಲ್ಲಿದೆ. ಹೊಳೆ ಏರಿದರೆ ಆ ಬಾಯಿ ಮುಳುಗುತ್ತದೆ. ಆಗ ನಮ್ಮ ನೀರು ಹೊರಗೆ ಹೋಗುವುದಿರಲಿ, ಹೊಳೆಯೇ ಒಳಗೆ ಬರುತ್ತದೆ. ಬಾಯಿಗೆ ಒಂದು ಶಟರ್ ಬೇಕು, ಈಚೆ ಒಂದು ಪಂಪ್ ಬೇಕು. ಬರೀ ಶಟರ್ ಹಾಕಿ ಪಂಪ್ ಇಡದಿದ್ದರೆ ನಮ್ಮದೇ ಮಳೆ ನೀರು ನಮ್ಮ ಬೀದಿಯಲ್ಲೇ ನಿಲ್ಲುತ್ತದೆ.
ನಾಳೆ ಇದೊಂದೇ ಮಾತು ಕೇಳೋಣ. ನಕ್ಷೆಯಲ್ಲಿ ಮೋರಿ ಬಾಯಿ ಎಲ್ಲಿದೆ, ಅದಕ್ಕೆ ಏನು ಮಾಡುತ್ತೀರಿ? ಬೇರೆ ಏನೂ ಬೇಡ.

ಕೊನೆಮನೆ ಅಕ್ಕ, 6:24
ಸಾರ್, ಇದನ್ನೇ ಒಂದು ಹಾಳೆಯಲ್ಲಿ ಬರೆದುಕೊಡಿ. ಎಲ್ಲರ ಸಹಿ ಹಾಕಿಸೋಣ.

ಪಿಜಿ ಹುಡುಗ, 6:26
*ತುಂಬಾ ಸಲ ಫಾರ್ವರ್ಡ್ ಆಗಿದೆ*
ಎಚ್ಚರ!! ಗಾಜನೂರು ಡ್ಯಾಂನ 22 ಗೇಟೂ ತೆಗೆದಿದ್ದಾರೆ. ಇನ್ನು ಎರಡು ಗಂಟೆಯಲ್ಲಿ ಶಿವಮೊಗ್ಗ ಮುಳುಗಡೆ! ಹತ್ತು ಜನರಿಗೆ ಕಳಿಸಿ. (ವಿಡಿಯೋ)

ಹಾಲಿನಣ್ಣ, 6:29
ಏ ತಮ್ಮಾ, ಇದು 2019ರ ವಿಡಿಯೋ. ತೆಗೆದವನೇ ನಾನು. ಕೊನೆಯಲ್ಲಿ ಕೆಮ್ಮುವುದು ಕೇಳಿಸ್ತದಲ್ಲ, ಅದು ನಮ್ಮಪ್ಪ.

ನೀರಾವರಿ ರಿಟೈರ್ಡ್ ಸಾರ್, 6:34
22 ಗೇಟ್ ತೆಗೆಯುವುದು ಮಳೆಗಾಲದಲ್ಲಿ ಹೊಸದೇನಲ್ಲ. ಆ ಡ್ಯಾಂ ಹಿಡಿಯುವುದು 3.24 ಟಿಎಂಸಿ ಅಷ್ಟೇ. ಭದ್ರಾ ಹಿಡಿಯುವುದು 71.5. ಮುಂಗಾರು ಶುರುವಾಗುತ್ತಿದ್ದ ಹಾಗೆ ಗಾಜನೂರು ತುಂಬುತ್ತದೆ. ಆಮೇಲೆ ಶೃಂಗೇರಿ, ತೀರ್ಥಹಳ್ಳಿ ಕಡೆಯಿಂದ ಬಂದಷ್ಟನ್ನೂ ಬಿಡಲೇಬೇಕು. ಮೇಲೆ ತಡೆದುಕೊಳ್ಳಿ ಅಂತ ಕೇಳಿ ಪ್ರಯೋಜನ ಇಲ್ಲ. ನಮ್ಮ ಬಾಗಿಲು ನಾವೇ ಹಾಕಿಕೊಳ್ಳಬೇಕು.

ಖಾನಾವಳಿ ಅಣ್ಣ, 7:15
ಈಗ ನೋಡಿದೆ. ನಮ್ಮ ಎಲೆ ದಿನಾ ಸಂಜೆ ಗೌಳಿಗರ ಹಟ್ಟಿಗೆ ಹೋಗುತ್ತದೆ, ದನಕ್ಕೆ. ಬೇಕಾದರೆ ಬಂದು ಎಣಿಸಿಕೊಳ್ಳಿ. ಅಧ್ಯಕ್ಷರ ಗೇಟಿನ ಮುಂದೆ ಕಾಂಕ್ರೀಟ್ ರ್‍ಯಾಂಪ್ ಇದೆಯಲ್ಲ, ಅದರ ಕೆಳಗೆ ಚರಂಡಿಗೆ ಸಲಿಕೆಯೂ ಹೋಗಲ್ಲ, ಕೈಯೂ ಹೋಗಲ್ಲ. ಅದರ ಬಗ್ಗೆಯೂ ನೇರ ಮಾತಾಡಿ.

ಮಾಜಿ ಅಧ್ಯಕ್ಷರು, 7:16
ಅದು ನಮ್ಮ ತಾಯಿಯವರ ವೀಲ್‌ಚೇರಿಗೆ ಹಾಕಿಸಿದ್ದು.

ಖಾನಾವಳಿ ಅಣ್ಣ, 7:18
ಅಜ್ಜಿ ಹೋಗಿ ನಾಲ್ಕು ವರ್ಷ ಆಯ್ತು. ಈಗ ಅಲ್ಲಿ ನಿಲ್ಲುವುದು ಇನೋವಾ.

ಮಾಜಿ ಅಧ್ಯಕ್ಷರು, 7:18
ಸತ್ತವರನ್ನು ಎಳೆದು ತರಬೇಡಿ!!

ಮಾಜಿ ಅಧ್ಯಕ್ಷರು, 7:19
ಅಡ್ಮಿನ್ ಎಲ್ಲಿ? ಇದಕ್ಕೆಲ್ಲ ಅವಕಾಶ ಇದೆಯಾ ಗುಂಪಿನಲ್ಲಿ?

ಮೂಲೆಮನೆ ಮೇಷ್ಟ್ರು, 7:30
🌹 ಶುಭೋದಯ. ಕೋಪ ಬಂದಾಗ ಹತ್ತು ಎಣಿಸಿ 🌹

ಮಹಡಿ ಮನೆ ಬಾಡಿಗೆಯವರು, 7:41
ಅಕ್ಕನ ಮನೆಯಲ್ಲಿ ಗೋಡೆ ಮೇಲೆ ಒಂದು ಗೇಣು ಎತ್ತರಕ್ಕೆ ಗೆರೆ ಬಿದ್ದಿದೆ. ಫೋಟೋ ತೆಗೆದಿದ್ದೇನೆ. ಅರ್ಜಿಗೆ ಅಂಟಿಸೋಣ. ಯಾರಾದರೂ ಬ್ಲೀಚಿಂಗ್ ಪೌಡರ್ ತಂದುಕೊಡಿ ಮೊದಲು.

ಅಡ್ಮಿನ್, 8:10
ಎಲ್ಲರೂ ದಯವಿಟ್ಟು ಸಮಾಧಾನ. ಮಾಹಿತಿ ಹಕ್ಕಿನಲ್ಲಿ ಆ ನಕ್ಷೆ ಕೇಳಿದರೆ ಹೇಗೆ? 10 ರೂಪಾಯಿ ಅಷ್ಟೇ ಫೀಸು.

ಮಾಜಿ ಅಧ್ಯಕ್ಷರು, 8:12
ಉತ್ತರಕ್ಕೆ 30 ದಿನ ಕಾಯಬೇಕು. ಅಷ್ಟರಲ್ಲಿ ಹೊಳೆ ಇಳಿದಿರುತ್ತದೆ, ನೀವು ಮರೆತಿರುತ್ತೀರಿ. 2016ರಲ್ಲಿ ನಮ್ಮ ಊರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರುವ ಮೊದಲೂ ಅಭಿಪ್ರಾಯ ಕೇಳಿದ್ದರು, ಆನ್‌ಲೈನಿನಲ್ಲಿ. ನಾನು ಹಾಕಿದ್ದೆ. ನೀವು ಯಾರು ಹಾಕಿದ್ದಿರಿ? ನಾಳೆ ನಾನು ಮಾತಾಡುತ್ತೇನೆ. ನನಗೆ ಅನುಭವ ಇದೆ.

ಕೊನೆಮನೆ ಅಕ್ಕ, 8:13
ನೀರು ಬಂದದ್ದು ನಮ್ಮ ಮನೆಗೆ. ನಾನು ಮಾತಾಡ್ತೀನಿ.

ಅಡ್ಮಿನ್, 8:20
ಸಹಿ ಹಾಕುವವರು ಸಂಜೆ ಆರಕ್ಕೆ ಅರಳಿಕಟ್ಟೆ ಹತ್ತಿರ ಬನ್ನಿ. ಸಭೆಗೆ ಬರುವವರು 👍 ಹಾಕಿ.
(👍 23)

—

ಮಹಡಿ ಮನೆ ಬಾಡಿಗೆಯವರು, ಮರುದಿನ ಮಧ್ಯಾಹ್ನ 2:35
23 ಹೆಬ್ಬೆಟ್ಟಿನಲ್ಲಿ ಸಭೆಗೆ ಬಂದದ್ದು ನಾಲ್ಕು. ಏನಾಯ್ತು ಅಂತ ಹೇಳಿಬಿಡುತ್ತೇನೆ.
ಹನ್ನೊಂದು ಅಂದದ್ದು ಹನ್ನೆರಡೂಕಾಲಿಗೆ ಶುರು. ಪರದೆ ಮೇಲೆ ಚಿತ್ರ ತೋರಿಸಿದರು. ಹೊಳೆ ಪಕ್ಕ ನಡೆಯುವ ದಾರಿ, ಬೆಂಚು, ಗಾಳಿಪಟ ಹಿಡಿದ ಮಗು. ಹೊಳೆ ನೀಲಿ ನೀಲಿ. ಆಷಾಢದಲ್ಲಿ ನಮ್ಮ ತುಂಗೆ ಹಾಲು ಜಾಸ್ತಿ ಹಾಕಿದ ಟೀ ಬಣ್ಣಕ್ಕೆ ಇರುವುದು, ಅಲ್ವಾ. ಬಜಾರಿನ ಅಂಗಡಿಯವರು ಸಾಮಾನು ಇಳಿಸಲು ಲಾರಿ ಎಲ್ಲಿ ನಿಲ್ಲಿಸಬೇಕು ಅಂತ ಅರ್ಧ ಗಂಟೆ ಗಲಾಟೆ ಮಾಡಿದರು. ಅವರದ್ದೂ ತಪ್ಪಿಲ್ಲ.
ನಮ್ಮ ಕಡೆಗೆ ಮೈಕ್ ಬಂದದ್ದು ಒಂದೇ ಸಲ. ಅಕ್ಕ ಕೈ ಚಾಚುವಷ್ಟರಲ್ಲಿ ಅಧ್ಯಕ್ಷರು ತೆಗೆದುಕೊಂಡರು. 2019ರಿಂದ ಶುರು ಮಾಡಿದರು. 2021ಕ್ಕೆ ಬರುವಷ್ಟರಲ್ಲಿ ಟೈಮ್ ಮುಗೀತು.

ಮಾಜಿ ಅಧ್ಯಕ್ಷರು, 2:36
ಹಿನ್ನೆಲೆ ಹೇಳದೆ ವಿಷಯ ಹೇಗೆ ಅರ್ಥ ಆಗುತ್ತದೆ?

ಕೊನೆಮನೆ ಅಕ್ಕ, 2:50
ಆಮೇಲೆ ನಾನೇ ಮುಂದೆ ಹೋಗಿ ನಕ್ಷೆ ಮೇಲೆ ಬೆರಳಿಟ್ಟು ಕೇಳಿದೆ, ನಮ್ಮ ಮೋರಿ ಬಾಯಿ ಎಲ್ಲಿ ಅಂತ. ನಾನು ಬೆರಳಿಟ್ಟ ಜಾಗದಲ್ಲಿ ಸೆಲ್ಫಿ ಪಾಯಿಂಟ್ ಇತ್ತು. ಚರಂಡಿ ನೋಡಿಕೊಳ್ಳುವವರು ಬೇರೆ, ಅವರು ಇವತ್ತು ಬಂದಿಲ್ಲ ಅಂದರು. ಅರ್ಜಿ ತೆಗೆದುಕೊಂಡರು. ಸೀಲ್ ಹಾಕಿ ಕೊಡಿ ಅಂದರೆ, ಸೀಲ್ ತಂದಿಲ್ಲ ಅಂದರು.
ಕೊನೆಗೆ ಒಂದು ಫಾರಂ ಕೊಟ್ಟರು. ದೀಪದ ಕಂಬ ಯಾವ ಡಿಸೈನ್ ಇರಬೇಕು, ಎ, ಬಿ, ಸಿ.

ಪಿಜಿ ಹುಡುಗ, 2:52
ಬಿ ಚೆನ್ನಾಗಿದೆ ಆಂಟಿ.

ಖಾನಾವಳಿ ಅಣ್ಣ, 3:04
ಕಂಬ ಅಂದಾಗ ನೆನಪಾಯ್ತು. ನಮ್ಮ ಬೀದಿಯ ಮಧ್ಯದ ಲೈಟ್ ಯುಗಾದಿಯಿಂದ ಉರಿದಿಲ್ಲ.

ಮೂಲೆಮನೆ ಮೇಷ್ಟ್ರು, 3:06
ಹೌದು! ಮೊನ್ನೆ ನಾಯಿ ಮೇಲೆ ಕಾಲಿಟ್ಟೆ.

ಮಾಜಿ ಅಧ್ಯಕ್ಷರು, 3:07
ಲೈನ್‌ಮನ್ ನನಗೆ ಪರಿಚಯ. ಈಗಲೇ ಫೋನ್ ಮಾಡುತ್ತೇನೆ.

ಮಾಜಿ ಅಧ್ಯಕ್ಷರು, 4:15
ನಾಳೆ ಬರುತ್ತಾನಂತೆ. ಬಲ್ಬ್ ನಾವೇ ತಂದಿಟ್ಟರೆ ಬೇಗ ಆಗುತ್ತದೆ ಅಂದ. ಮನೆಗೆ ಐವತ್ತು ರೂಪಾಯಿ.

ಖಾನಾವಳಿ ಅಣ್ಣ, 4:17
ಇದನ್ನು ಮಾತ್ರ ಒಪ್ಪಿದೆ ಅಧ್ಯಕ್ಷರೇ. ನನ್ನದು ಹಾಕಿ ಆಯ್ತು.

ಅಡ್ಮಿನ್, 4:40
ಹದಿನೆಂಟು ಮನೆಯ ದುಡ್ಡು ಬಂದಿದೆ. ತುಂಬಾ ಸಂತೋಷ. ಒಗ್ಗಟ್ಟು ಹೀಗೇ ಇರಲಿ 💪

ನೀರಾವರಿ ರಿಟೈರ್ಡ್ ಸಾರ್, 5:20
ಅರ್ಜಿಯ ಇನ್ನೊಂದು ಪ್ರತಿ ನನ್ನ ಹತ್ತಿರ ಇದೆ. ಸೋಮವಾರ ಆಫೀಸಿಗೇ ಹೋಗಿ ಸೀಲ್ ಹಾಕಿಸಬೇಕು. ನನಗೆ ಮಂಡಿ ನೋವು, ಮೆಟ್ಟಿಲು ಹತ್ತುವುದು ಕಷ್ಟ. ಯಾರಾದರೂ ಜೊತೆಗೆ ಬಂದರೆ ಹೋಗುತ್ತೇನೆ.

ಪಿಜಿ ಹುಡುಗ, 5:22
ಲೈಟ್ ಎಲ್‌ಇಡಿ ಹಾಕಿಸಿ, ಬಿಳಿ ಬೇಡ, ವಾರ್ಮ್ ಇರಲಿ.

ಕೊನೆಮನೆ ಅಕ್ಕ, ರಾತ್ರಿ 9:48
ಮಳೆ ಮತ್ತೆ ಹಿಡೀತು. ಬಚ್ಚಲ ಜಾಲರಿಗೆ ಗೋಣಿತಾಟು ತುರುಕಿ ಮೇಲೆ ರುಬ್ಬುಗುಂಡು ಇಟ್ಟಿದ್ದೇನೆ. ಯಾರ ಹತ್ತಿರವಾದರೂ ಮರಳಿನ ಚೀಲ ಇದ್ದರೆ ಹೇಳಿ. ಸಾರ್, ಸೋಮವಾರ ನಾನು ಬರ್ತೀನಿ.

ಅಡ್ಮಿನ್, 9:55
ಅಕ್ಕ, ಲೈಟಿನ ಪಟ್ಟಿಯಲ್ಲಿ ನಿಮ್ಮ ಹೆಸರು ಇನ್ನೂ ಇಲ್ಲ. ಬರೆದುಕೊಳ್ಳಲಾ?