ಗೇಮಿಂಗ್ ರಿಪೋರ್ಟ್ ಕೊಡೋ ಆ್ಯಪ್‌ಗೆ ದುಡ್ಡು ಹಾಕಬಹುದಾ?

ಒಂಟಿಸಲಗ:
ಕೌಂಟರ್ ಸ್ಟ್ರೈಕ್ (ಐದೈದು ಜನರ ಎರಡು ತಂಡಗಳ ಶೂಟಿಂಗ್ ಗೇಮ್) ಆಡುವವರಿಗೆ ಒಂದು ಪ್ರಶ್ನೆ. ಹೊಸ ಸ್ಟಾರ್ಟಪ್ ಒಂದರ ಆ್ಯಪನ್ನು ಎರಡು ತಿಂಗಳಿಂದ ಬಳಸುತ್ತಿದ್ದೇನೆ. ಮ್ಯಾಚ್ ಮುಗಿದ ಮೇಲೆ ಡೆಮೊ ಫೈಲ್ (ಮ್ಯಾಚಿನ ರೆಕಾರ್ಡಿಂಗ್) ಓದಿ ರಿಪೋರ್ಟ್ ಕೊಡುತ್ತದೆ. ಎದುರಾಳಿ ಕಂಡಾಗ ನನ್ನ ಕ್ರಾಸ್‌ಹೇರ್ (ಗುರಿಯ ಗುರುತು) ಅವನಿಂದ ಎಷ್ಟು ದೂರ ಇತ್ತು, ಎಸೆದ ಫ್ಲ್ಯಾಶ್ (ಕಣ್ಣು ಕುರುಡಾಗಿಸುವ ಗ್ರೆನೇಡ್) ಎಷ್ಟು ಜನರಿಗೆ ತಾಗಿತು, ಅದರಲ್ಲಿ ನಮ್ಮವರೇ ಎಷ್ಟು (ಇದನ್ನು ನೋಡಿ ನಾಚಿಕೆ ಆಯ್ತು), ಎಲ್ಲಾ ಬರುತ್ತದೆ. ಈಗ ಫ್ರೀ ಅವಧಿ ಮುಗಿಯುತ್ತಿದೆ. ರ್ಯಾಂಕ್ ಮಾತ್ರ ಇದ್ದಲ್ಲೇ ಇದೆ. ದುಡ್ಡು ಕೊಟ್ಟು ಮುಂದುವರಿಸಲಾ?

ಸ್ಮೋಕ್ ಸ್ವಾಮಿ:
ಬೇಡ ಗುರು. ಡೆಮೊ ನಿನ್ನ ಹತ್ತಿರವೇ ಇದೆ. ಅದನ್ನು ನೋಡೋಕೆ ಯಾರೂ ದುಡ್ಡು ಕೇಳಲ್ಲ. ಸೋತ ಮ್ಯಾಚ್ ಒಂದನ್ನು ಕೂತು ನೋಡು, ಸಾಕು.

ಲೆಕ್ಕದ ಮನುಷ್ಯ:
ಯಾರು ನೋಡ್ತಾರೆ ಸ್ವಾಮಿ? 24 ರೌಂಡ್ ಎಳೆದ ಮ್ಯಾಚನ್ನು ಮತ್ತೆ ನೋಡಿದರೆ ಅರ್ಧ ಸಂಜೆ ಹೋಯ್ತು. ನೋಡಿದರೂ ನಮ್ಮ ತಪ್ಪು ನಮಗೆ ಕಾಣಲ್ಲ, ಬೇರೆಯವರದ್ದೇ ಕಾಣೋದು. ಇದೇನು ಹೊಸ ಹುಚ್ಚೂ ಅಲ್ಲ. ಕೌಂಟರ್ ಸ್ಟ್ರೈಕ್ ಸುದ್ದಿ, ಅಂಕಿಅಂಶದ ವೆಬ್‌ಸೈಟ್ ಎಚ್‌ಎಲ್‌ಟಿವಿ 2017ರಲ್ಲೇ ಆಟಗಾರರಿಗೆ ರೇಟಿಂಗ್ 2.0 ತಂದಿತು. ಅದರಲ್ಲಿ ಕಿಲ್ ಜೊತೆಗೆ ರೌಂಡಿನ ಸರಾಸರಿ ಡ್ಯಾಮೇಜ್ ಇದೆ, ಕಾಸ್ಟ್ (KAST) ಇದೆ. ಕಾಸ್ಟ್ ಅಂದರೆ ಕಿಲ್, ಅಸಿಸ್ಟ್, ಸಾಯದೆ ಉಳಿಯೋದು, ಟ್ರೇಡ್ ಆಗೋದು (ನಮ್ಮನ್ನು ಕೊಂದವನನ್ನು ಜೊತೆಯವನು ತಕ್ಷಣ ಕೊಲ್ಲೋದು), ಇವುಗಳಲ್ಲಿ ಒಂದಾದರೂ ಆದ ರೌಂಡುಗಳ ಶೇಕಡಾ ಲೆಕ್ಕ. ಲೀಗ್ ಆಫ್ ಲೆಜೆಂಡ್ಸ್ ಆಡುವವರಿಗೆ ಇಂಥದ್ದೇ ಕೆಲಸ ಮಾಡುತ್ತಿದ್ದ ಮೊಬಾಲಿಟಿಕ್ಸ್ 2016ರಲ್ಲಿ ಟೆಕ್‌ಕ್ರಂಚ್ ಡಿಸ್ರಪ್ಟ್ ಸ್ಪರ್ಧೆ ಗೆದ್ದಿತ್ತು. ಬರೀ ಸ್ಕೋರ್‌ಬೋರ್ಡ್ ನಂಬುವುದಕ್ಕಿಂತ ಇದು ಎಷ್ಟೋ ವಾಸಿ. ಅಲ್ಲಿ ಪಿಸ್ತೂಲ್ ಹಿಡಿದವನನ್ನು ರೈಫಲ್‌ನಲ್ಲಿ ಹೊಡೆದರೂ ಒಂದು ಕಿಲ್ಲೇ.

ಬೆಂಚ್ ಕಾಯುವವ:
ನೀವು ಹೇಳಿದ ಆ ಕಾಸ್ಟ್ ನಮ್ಮ ತಂಡವನ್ನೇ ತಿಂದು ಹಾಕಿತು ಸಾರ್. ನಾನು ಎಂಟ್ರಿ ಆಡುತ್ತಿದ್ದೆ. ಬಾಂಬ್ ಇಡೋ ಸೈಟಿಗೆ ಮೊದಲು ನುಗ್ಗೋದು, ಬೇಕಾದರೆ ಮೊದಲು ಸಾಯೋದು. ಕ್ಯಾಪ್ಟನ್ ಪ್ರತಿ ಭಾನುವಾರ ಎಲ್ಲರ ನಂಬರನ್ನೂ ಗ್ರೂಪಿಗೆ ಹಾಕುತ್ತಿದ್ದ. ನನ್ನದು ಯಾವಾಗಲೂ ಕೆಂಪು. ಹಿಂದೆ ಲರ್ಕ್ ಮಾಡುತ್ತಿದ್ದವನದ್ದು, ಅಂದರೆ ತಂಡದಿಂದ ದೂರ ಒಬ್ಬನೇ ಹೊಂಚು ಹಾಕುತ್ತಿದ್ದವನದ್ದು, ಹಸಿರೋ ಹಸಿರು.

ಮೂರನೇ ವಾರಕ್ಕೆ ನಾನೂ ಬುದ್ಧಿ ಕಲಿತೆ. ಹಿಂದೆ ನಿಂತೆ. ಆಗಿನ ಒಂದು ರೌಂಡ್ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ರೌಂಡಿಗೆ ಇರೋ 1 ನಿಮಿಷ 55 ಸೆಕೆಂಡಿನಲ್ಲಿ ಒಂದೂವರೆ ನಿಮಿಷ ಐದು ಜನ ಗೋಡೆಗೆ ಒರಗಿಕೊಂಡು 'ನೀನು ಹೋಗು, ನೀನು ಹೋಗು' ಅಂತಿದ್ದೆವು. ಸೈಟಿನಲ್ಲಿ ಇಡಬೇಕಾದ ಬಾಂಬ್ ಬೆನ್ನ ಮೇಲೇ ಇತ್ತು. ಟೈಮ್ ಮುಗೀತು. ಐದೂ ಜನ ಬದುಕಿದ್ದೆವಲ್ಲ, ಕಾಸ್ಟ್ ಮಾತ್ರ ಎಲ್ಲರದ್ದೂ ಏರಿತು! ಸೋತಿದ್ದು ತಂಡ.

ಲೆಕ್ಕದ ಮನುಷ್ಯ:
ಅದು ಕ್ಯಾಪ್ಟನ್ ತಪ್ಪು, ಆ್ಯಪಿನದಲ್ಲ. ಎಂಟ್ರಿ ಆಡುವವನನ್ನು ಲರ್ಕ್ ಆಡುವವನ ಜೊತೆ ತೂಗಿದ್ದೇ ತಪ್ಪು.

ಸ್ಮೋಕ್ ಸ್ವಾಮಿ:
ಕೆಂಪು ಹಸಿರು ಬಣ್ಣ ಹಚ್ಚಿ ಕೊಟ್ಟಿದ್ದು ಯಾರು ಹಾಗಾದರೆ?

ನಿದ್ದೆಗೆಟ್ಟವ:
ಇಬ್ಬರೂ ಸ್ವಲ್ಪ ತಡೀರಿ. ನಾನು ಇಂಥ ಆ್ಯಪಿಗೆ ದುಡ್ಡು ಕೊಟ್ಟೇ ಬಳಸುತ್ತೇನೆ. ಆದರೆ ಮೊದಲ ಎರಡು ತಿಂಗಳು ಸುಮ್ನೆ ಹಾಳು ಮಾಡಿಕೊಂಡೆ.

ರೌಂಡಿನ ಮೊದಲ ಗುದ್ದಾಟದಲ್ಲಿ ಮೂರಕ್ಕೆ ಎರಡು ಸಲ ನಾನೇ ಸಾಯುತ್ತಿದ್ದೆ. ರಿಪೋರ್ಟ್ ಓದಿ ಎಯಿಮ್ ಸರಿ ಇಲ್ಲ ಅಂದುಕೊಂಡೆ. ದಿನಾ ಎಯಿಮ್ ಟ್ರೈನರ್‌ನಲ್ಲಿ ಗುರಿ ಹೊಡೆದೆ. ಏನೂ ಬದಲಾಗಲಿಲ್ಲ. ಆಮೇಲೆ ಒಂದು ರಾತ್ರಿ ಆ ರೌಂಡುಗಳನ್ನು ಮಾತ್ರ ಹುಡುಕಿ, ಗುದ್ದಾಟಕ್ಕೆ ಹತ್ತು ಸೆಕೆಂಡ್ ಮುಂಚಿನಿಂದ ನೋಡುತ್ತಾ ಹೋದೆ. ಮಿರಾಜ್ ಮ್ಯಾಪಿನಲ್ಲಿ ಎ ಸೈಟಿಗೆ ಹೋಗೋ ರ್ಯಾಂಪಿನಿಂದ ನಾನು ತಲೆ ಹಾಕುತ್ತೇನೆ, ಸಾಯುತ್ತೇನೆ, ಆಮೇಲೆ ಗೆಳೆಯನ ಫ್ಲ್ಯಾಶ್ ಒಡೆಯುತ್ತದೆ. ಮುಂದಿನ ರೌಂಡ್, ಅದೇ ಕಥೆ. ಅದರ ಮುಂದಿನದ್ದೂ ಅದೇ.

ತಮಾಷೆ ಏನು ಗೊತ್ತಾ? ನನ್ನ ರಿಪೋರ್ಟಿನಲ್ಲಿ 'ಸೋತ ಗುದ್ದಾಟ'. ಅವನ ರಿಪೋರ್ಟಿನಲ್ಲಿ 'ಯಾರಿಗೂ ತಾಗದ ಫ್ಲ್ಯಾಶ್'. ಎರಡೂ ಒಂದೇ ತಪ್ಪು. ಎರಡು ಕಡೆ ಬರೆದಿಟ್ಟಿತ್ತು, ಒಂದಕ್ಕೊಂದು ಜೋಡಿಸಿರಲಿಲ್ಲ. ಈಗ ಅವನು 'ಎಸೆದೆ' ಅಂದ ಮೇಲೆ ಬಿಳಿ ಬೆಳಕು ಕಾಣುವ ತನಕ ನಾನು ಕಾಲು ಎತ್ತಲ್ಲ.

ಒಂಟಿಸಲಗ ಅವರೇ, ಒಂದೇ ನಂಬರ್ ಹಿಡಿಯಿರಿ. ಅದು ಯಾವ ರೌಂಡುಗಳಿಂದ ಬಂತು ಅಂತ ನೋಡಿ. ಐದಾರು ಮ್ಯಾಚಿನ ಲೆಕ್ಕ ಇಟ್ಟುಕೊಂಡು ತಲೆ ಕೆಡಿಸಿಕೊಳ್ಳಬೇಡಿ. ಮ್ಯಾಪ್ ಬದಲಾದರೂ, ಎದುರಾಳಿ ಬದಲಾದರೂ ಅದು ಹಾರಾಡುತ್ತದೆ.

ಮಿಡ್ ಲೇನ್ ಮಾವ:
ನನಗೆ ನನ್ನ ನಂಬರಿಗಿಂತ ಬೇರೆಯವರು ಅದನ್ನು ನೋಡೋದೇ ಕಿರಿಕಿರಿ. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಆಟ ಶುರುವಾಗೋ ಮುಂಚೆಯೇ ಜೊತೆಯವರ ಗೆಲುವಿನ ಲೆಕ್ಕ ತೆಗೆದು, ಸರಿ ಇಲ್ಲ ಅಂದರೆ ಲಾಬಿ ಬಿಟ್ಟು ಓಡುತ್ತಿದ್ದರು. ಅದಕ್ಕೇ ಆ ಗೇಮಿನ ಕಂಪನಿ ರಾಯಟ್ 2022ರಲ್ಲಿ ರ್ಯಾಂಕ್ಡ್ ಸೋಲೋ ಆಟದ ಚಾಂಪಿಯನ್ (ಆಡುವ ಪಾತ್ರ) ಆಯ್ಕೆ ವೇಳೆ ಹೆಸರು ಮುಚ್ಚಿಡಲು ಶುರು ಮಾಡಿತು. ಆ್ಯಪ್ ತಗೊಳ್ಳೋ ಮೊದಲು ಪ್ರೊಫೈಲ್ ಮುಚ್ಚಿಡೋಕೆ ಆಗುತ್ತಾ ನೋಡಿಕೊಳ್ಳಿ.

ಬೆಂಚ್ ಕಾಯುವವ:
ಮುಚ್ಚಿಟ್ಟರೂ ಸ್ಕ್ರೀನ್‌ಶಾಟ್ ಹಾಕೋ ಕ್ಯಾಪ್ಟನ್ ಇರ್ತಾನಲ್ಲ ಮಾವ.

ಒಂಟಿಸಲಗ:
ನಿದ್ದೆಗೆಟ್ಟವರು ಹೇಳಿದ ಹಾಗೆ ನಿನ್ನೆ ಕೂತು ನೋಡಿದೆ. ಹಿಡಿದಿದ್ದು ನಮ್ಮವರಿಗೇ ತಾಗಿದ ಫ್ಲ್ಯಾಶಿನ ನಂಬರ್. ಹನ್ನೊಂದರಲ್ಲಿ ಎಂಟು ಇನ್‌ಫರ್ನೋ ಮ್ಯಾಪಿನ ಬನಾನಾ ಅನ್ನೋ ದಾರಿಯಲ್ಲೇ. ಗೋಡೆಗೆ ಬಡಿದು ವಾಪಸ್ ಬಂದು ನಮ್ಮವರ ಮೂಗಿನ ಮುಂದೆ ಒಡೆಯುತ್ತಿದೆ. ಖಾಲಿ ಸರ್ವರ್‌ನಲ್ಲಿ ಅದೊಂದನ್ನೇ ನಲವತ್ತು ಸಲ ಎಸೆದೆ. ಈ ತಿಂಗಳು ದುಡ್ಡು ಕೊಡಲ್ಲ. ಫ್ರೀ ಇನ್ನೂ ಮೂರು ದಿನ ಇದೆ, ಅಷ್ಟರಲ್ಲಿ ಬೇಕಾದ ರೌಂಡುಗಳನ್ನೆಲ್ಲ ಬರೆದಿಟ್ಟುಕೊಳ್ಳುತ್ತೇನೆ.

ಸ್ಮೋಕ್ ಸ್ವಾಮಿ:
ಬನಾನಾದಲ್ಲಿ ಪ್ರತಿ ರೌಂಡ್ ನನ್ನ ಕಣ್ಣು ಹೊಡೆಯುತ್ತಿದ್ದ ಪುಣ್ಯಾತ್ಮ ನೀನೇನಾ?