ಅಂಡಾಶಯದ ಕ್ಯಾನ್ಸರ್‌ಗೆ ಮೈಕ್ರೋ ಆರ್‌ಎನ್‌ಎ ಇಂಜೆಕ್ಷನ್ ಅಂತಿದ್ದಾರೆ, ನಿಜಾನಾ?

ಸೇಡಂ ರಸ್ತೆ
ನಮಸ್ಕಾರ್ರೀ ಎಲ್ಲರಿಗೂ. ಊರು ಕಲಬುರಗಿ. ನಮ್ಮ ಚಿಗವ್ವಗೆ 56 ವರ್ಷ. ಹೊಟ್ಟೆ ಉಬ್ಬರ ಅಂತ ಆರು ತಿಂಗಳು ಗ್ಯಾಸಿನ ಗುಳಿಗೆ ನುಂಗಿದರು, ಆಮೇಲೆ ಸ್ಕ್ಯಾನ್ ಮಾಡಿಸಿದರೆ ಅಂಡಾಶಯದ ಕ್ಯಾನ್ಸರ್, ಮೂರನೇ ಹಂತ. ಆಪರೇಷನ್ ಆಯಿತು, ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧಿ ಆರು ಸಲ ಹಾಕಿಸಿದೆವು. ಒಂದು ವರ್ಷ ಆರಾಮಿದ್ದರು, ರೊಟ್ಟಿ ಸಹ ತಾವೇ ಬಡಿಯುತ್ತಿದ್ದರು. ಈಗ ರಕ್ತದಲ್ಲಿ ಈ ಕ್ಯಾನ್ಸರ್‌ನ ಸುಳಿವು ಕೊಡುವ ಸಿಎ-125 ಮತ್ತೆ ಏರಿದೆ, 18 ಇದ್ದದ್ದು 140. ಪರಿಚಯದವರೊಬ್ಬರು ಬಂದು, ಒಂದು ಕಡೆ ಮೈಕ್ರೋ ಆರ್‌ಎನ್‌ಎ ಇಂಜೆಕ್ಷನ್ ಕೊಡುತ್ತಾರೆ, ನೊಬೆಲ್ ಬಂದ ಚಿಕಿತ್ಸೆ, ಕೀಮೋನೇ ಬೇಡ, 3 ಲಕ್ಷ ಮೊದಲೇ ಕಟ್ಟಬೇಕು ಅಂದರು. ಕಾಕಾ ತೊಗರಿ ಮಾರಿದ ದುಡ್ಡು ತೆಗೆದಿಟ್ಟು ಕೂತಿದ್ದಾರೆ. ಏನು ಮಾಡೋಣ?

ಪಿಪೆಟ್ ಅಕ್ಕ, ಬೀದರ್
ದುಡ್ಡು ಕಟ್ಟಬೇಡಿ. ಅಂಡಾಶಯದ ಕ್ಯಾನ್ಸರ್‌ಗೆ ಅಂತ ಮಂಜೂರಾದ ಮೈಕ್ರೋ ಆರ್‌ಎನ್‌ಎ ಔಷಧಿ ಒಂದೂ ಇಲ್ಲ.

ನೊಬೆಲ್ ಬಂದದ್ದು ನಿಜ. 2024ರಲ್ಲಿ, ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರಿಗೆ. ಅದು ಯಾವ ಇಂಜೆಕ್ಷನ್‌ಗೂ ಅಲ್ಲ, ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ ಮೈಕ್ರೋ ಆರ್‌ಎನ್‌ಎ ಕಂಡುಹಿಡಿದದ್ದಕ್ಕೆ. ಜೀನ್‌ನಿಂದ ಪ್ರೋಟೀನ್ ಮಾಡಲು ಒಂದು ಚೀಟಿ ಹೋಗುತ್ತದೆ ಅಂದುಕೊಳ್ಳಿ. ಮೈಕ್ರೋ ಆರ್‌ಎನ್‌ಎ ಸುಮಾರು 22 ಅಕ್ಷರದ ತುಂಡು, ಆ ಚೀಟಿಗೆ ಅಂಟಿ ಕೆಲಸ ತಡೆಯುತ್ತದೆ. ಈ ಕ್ಯಾನ್ಸರ್‌ನಲ್ಲಿ ಕೆಲವು ಕಡಿಮೆಯಾಗುತ್ತವೆ, ಕೆಲವು ಜಾಸ್ತಿ. ಮಿರ್-200ಸಿ ಅನ್ನೋ ಮೈಕ್ರೋ ಆರ್‌ಎನ್‌ಎ ಕಡಿಮೆಯಾದರೆ ಪ್ಯಾಕ್ಲಿಟ್ಯಾಕ್ಸೆಲ್ ಸರಿಯಾಗಿ ಹಿಡಿಯಲ್ಲ, ಮಿರ್-214 ಜಾಸ್ತಿಯಾದರೆ ಕಾರ್ಬೋಪ್ಲಾಟಿನ್ ಜಾತಿಯದೇ ಆದ ಸಿಸ್‌ಪ್ಲಾಟಿನ್‌ಗೆ ಕ್ಯಾನ್ಸರ್ ಜೀವಕೋಶ ಬಗ್ಗಲ್ಲ. ಲ್ಯಾಬಿನ ಜೀವಕೋಶಗಳಲ್ಲಿ 200ಸಿ ವಾಪಸ್ ಹಾಕಿದರೆ ಔಷಧಿ ಮತ್ತೆ ಹಿಡಿಯುತ್ತದೆ. ಇಷ್ಟು ಚೆನ್ನಾಗಿದೆ.

ಕಷ್ಟ ಇರುವುದು ಅದನ್ನು ಗಡ್ಡೆಯವರೆಗೆ ಮುಟ್ಟಿಸುವುದರಲ್ಲಿ. ನಾನು ಲ್ಯಾಬಿನಲ್ಲಿ ಒಮ್ಮೆ ಗ್ಲೌಸ್ ಇಲ್ಲದೆ ಟ್ಯೂಬಿನ ಮುಚ್ಚಳ ತೆಗೆದೆ, ಮೂರು ದಿನದ ಆರ್‌ಎನ್‌ಎ ಜೆಲ್‌ನಲ್ಲಿ ಬರೀ ಮಸಿ ಒರೆಸಿದ ಹಾಗೆ ಬಂತು. ನಮ್ಮ ಚರ್ಮದ ಮೇಲೇ ಅದನ್ನು ಕತ್ತರಿಸುವ ಎಂಜೈಮ್ ಇರುತ್ತದೆ, ರಕ್ತದಲ್ಲೂ ಅಷ್ಟೇ. ಕೊಬ್ಬಿನ ಗುಳ್ಳೆಯಲ್ಲಿ ಸುತ್ತಿ ಕೊಟ್ಟರೆ ಜಾಸ್ತಿ ಪಾಲು ಲಿವರ್ ಹಿಡಿದುಕೊಳ್ಳುತ್ತದೆ. ಹಾಗೆ ಸುತ್ತಿದ ಎಂಆರ್‌ಎಕ್ಸ್34 ಅಂತ ಒಂದನ್ನು 2013ರಲ್ಲಿ ಬೇರೆ ಬೇರೆ ಗಡ್ಡೆಗಳ ರೋಗಿಗಳ ಮೇಲೆ ಪ್ರಯೋಗಿಸಲು ಶುರು ಮಾಡಿದರು. ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಕೆಲವು ರೋಗಿಗಳು ಸತ್ತರು, 2016ರಲ್ಲಿ ನಿಲ್ಲಿಸಿದರು.

ಯಾದಗಿರಿ ಬಿಸಿಲು
ಅಕ್ಕಾರೆ, ನೀವು ಲ್ಯಾಬಿನವರು ಯಾವಾಗಲೂ "ಇನ್ನೂ ಸಂಶೋಧನೆ" ಅಂತೀರಿ. ನಮ್ಮವ್ವ ಅಷ್ಟರಲ್ಲಿ ಹೋಗಿಬಿಟ್ಟಳು.

ಪಿಪೆಟ್ ಅಕ್ಕ, ಬೀದರ್
ನಿಮ್ಮ ಸಿಟ್ಟು ಸರಿ ಇದೆ ತಮ್ಮಾ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ವಾರ್ಡ್ ಡ್ಯೂಟಿ
ನಾನು ನರ್ಸು. ಸೇಡಂ ರಸ್ತೆಯವರೇ, ಫೈಲ್ ತೆಗೆದು ಕೊನೆಯ ಕೀಮೋ ತಾರೀಖು ನೋಡಿ. ಆರು ತಿಂಗಳ ಮೇಲಾಗಿದ್ದರೆ ಕಾರ್ಬೋಪ್ಲಾಟಿನ್‌ನಂಥ ಪ್ಲಾಟಿನಂ ಔಷಧಿ ಮತ್ತೆ ಕೆಲಸ ಮಾಡುವ ಸಾಧ್ಯತೆ ಚೆನ್ನಾಗಿರುತ್ತದೆ, ಡಾಕ್ಟರ್ ಹತ್ತಿರ ಅದನ್ನೇ ಕೇಳಿ. ಬಿಆರ್‌ಸಿಎ ಅನ್ನೋ ಜೀನ್‌ನ ಪರೀಕ್ಷೆ ಆಗಿದೆಯಾ ನೋಡಿ. ಅದರಲ್ಲಿ ದೋಷ ಇದ್ದರೆ ಕೀಮೋಗೆ ಗಡ್ಡೆ ಬಗ್ಗಿದ ಮೇಲೆ ಒಲಾಪರಿಬ್‌ನಂಥ ಗುಳಿಗೆ ಕೊಡುವ ದಾರಿ ಇದೆ. ಇನ್ನು ಆ ಇಂಜೆಕ್ಷನ್‌ನವರು ಇದು ಪ್ರಯೋಗ ಅಂದರೆ ಸಿಟಿಆರ್‌ಐ ನಂಬರ್ ಕೇಳಿ, ಅದು ಔಷಧಿ ಪ್ರಯೋಗಗಳ ರಾಷ್ಟ್ರೀಯ ನೋಂದಣಿ ಪಟ್ಟಿ. ನಮ್ಮ ದೇಶದಲ್ಲಿ 2009ರಿಂದ ಔಷಧಿ ಪ್ರಯೋಗಗಳು ಅಲ್ಲಿ ನೋಂದಣಿ ಆಗಲೇಬೇಕು, ಯಾರು ಬೇಕಾದರೂ ಪುಕ್ಕಟೆ ನೋಡಬಹುದು.

ಸೇಡಂ ರಸ್ತೆ
ನಂಬರ್ ಕೇಳಿದೆ. "ನಂಬಿಕೆ ಇಲ್ಲಾಂದ್ರೆ ಬರಬೇಡಿ" ಅಂದು ಫೋನ್ ಇಟ್ಟರು. ಕಾಕಾ ಸ್ಪೀಕರ್‌ನಲ್ಲೇ ಕೇಳಿಸಿಕೊಂಡರು, ಒಳ್ಳೇದೇ ಆಯಿತು. ಫೈಲಿನಲ್ಲಿ ಕೊನೆಯ ಕೀಮೋ ಆಗಿ 13 ತಿಂಗಳು, ಬಿಆರ್‌ಸಿಎ ಎಲ್ಲೂ ಕಾಣಲಿಲ್ಲ. ಸೋಮವಾರ ಇಲ್ಲೇ ಕಿದ್ವಾಯಿ ಕ್ಯಾನ್ಸರ್ ಕೇಂದ್ರಕ್ಕೆ ಹೋಗುತ್ತೇವೆ. ಆ ಪರೀಕ್ಷೆ ರಕ್ತದಲ್ಲಿ ಆಗುತ್ತಾ, ಆಪರೇಷನ್‌ನಲ್ಲಿ ತೆಗೆದ ತುಂಡು ಬೇಕಾ?

ವಾರ್ಡ್ ಡ್ಯೂಟಿ
ಎರಡರಲ್ಲೂ ಆಗುತ್ತದೆ. ಆ ತುಂಡಿನ ಬ್ಲಾಕ್, ಅಂದರೆ ಮೇಣದಲ್ಲಿ ಇಟ್ಟ ತುಂಡು, ಯಾವ ಲ್ಯಾಬಿನಲ್ಲಿದೆ ಅಂತ ಇವತ್ತೇ ಫೋನ್ ಮಾಡಿ. ರಕ್ತದಲ್ಲಿ ದೋಷ ಸಿಕ್ಕರೆ ಚಿಗವ್ವನ ಹೆಣ್ಣುಮಕ್ಕಳೂ ಪರೀಕ್ಷೆ ಮಾಡಿಸಬೇಕಾಗುತ್ತದೆ, ಸೋಮವಾರ ಅವರಲ್ಲೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.